ಡೈ ಹಾಕಿದ್ರು ಅಂತೀರಿ, ಯಾವ ಡೈ?

ಎಂಆರ್‌ಐ ಮಾತು ಬಂದ್ರೆ ಸಾಕು, ನಮ್ಮ ಹಾಸ್ಟೆಲ್‌ನಾಗ ಚರ್ಚೆ ಸೀದಾ ಟೆಸ್ಲಾಕ್ಕೆ ಹೋಗ್ತದೆ. ಅಲ್ಲಿ 1.5, ಇಲ್ಲಿ 3 ಅಂತ. ಮ್ಯಾಗ್ನೆಟ್, ಕಾಯಿಲ್, ಫೂರಿಯರ್ ಟ್ರಾನ್ಸ್‌ಫಾರ್ಮ್ ಎಲ್ಲಾ ಬರ್ತಾವು. ಪೇಶಂಟಿನ ರಕ್ತನಾಳದೊಳಗೆ ಹೋಗುವ ಇಂಜೆಕ್ಷನ್ ಬಗ್ಗೆ ಮಾತ್ರ ಯಾರೂ ಮಾತಾಡೂದಿಲ್ಲ. ಅದಕ್ಕೆ ಎಲ್ಲರ ಬಾಯಲ್ಲೂ ಒಂದೇ ಹೆಸರು: ಡೈ. ಬಿಲ್ಲಿನಲ್ಲೂ ಎಷ್ಟೋ ಸಲ ‘ಕಾಂಟ್ರಾಸ್ಟ್’ ಅಂತ ಒಂದೇ ಸಾಲು. ನಮ್ಮ ತಕರಾರು ಆ ಸಾಲಿನ ಮೇಲೆ.

ಇದು ನಮಗ್ಯಾಕೆ ಅಂತೀರಾ? ಹಾವೇರಿ, ಗದಗ, ಕೊಪ್ಪಳ, ಶಿರಸಿ ಕಡೆಯವರು ದೊಡ್ಡ ಕಾಯಿಲೆ ಅಂದ್ರೆ ಬರೋದು ಹುಬ್ಬಳ್ಳಿಗೆ. 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜಾಗಿ ಶುರುವಾದ ಕಿಮ್ಸ್ ವಿದ್ಯಾನಗರದಲ್ಲಿದೆ, ಸತ್ತೂರಿನಲ್ಲಿ ಎಸ್‌ಡಿಎಂ ಇದೆ, ಊರ ತುಂಬ ಸ್ಕ್ಯಾನಿಂಗ್ ಸೆಂಟರ್‌ಗಳಿವೆ. ಊರಿಂದ ಕಾಕಾ ಬಂದ್ರೆ “ನೀ ಇಂಗ್ಲಿಷ್ ಓದಾಂವ, ಜೋಡಿ ಬಾ” ಅಂತ ಫೋನ್ ಬರೋದು ನಮಗೇ. ಸಹಿ ಹಾಕುವ ಮುಂಚೆ ಫಾರ್ಮ್ ಓದಿ ಹೇಳಬೇಕಾದವರೂ ನಾವೇ.

ಮೊದಲಿಗೆ, ಇದು ಬಣ್ಣ ಅಲ್ಲ. ಹೊಟ್ಟೆಯ ಎಂಆರ್‌ಐಗೆ ಕೊಡುವ ಇಂಜೆಕ್ಷನ್‌ನಲ್ಲಿ ಸಾಮಾನ್ಯವಾಗಿ ಇರೋದು ಗ್ಯಾಡೊಲಿನಿಯಂ ಲೋಹ. ಅದರ ಅಯಾನಿನಲ್ಲಿ ಜೋಡಿಯಿಲ್ಲದ 7 ಎಲೆಕ್ಟ್ರಾನ್‌ಗಳಿವೆ. ಅವುಗಳಿಂದಾಗಿ ಪಕ್ಕದ ನೀರಿನ ಪ್ರೋಟಾನ್‌ಗಳು ಬೇಗ ರಿಲ್ಯಾಕ್ಸ್ ಆಗ್ತಾವು, ಟಿ1 ಚಿತ್ರದಲ್ಲಿ ಆ ಜಾಗ ಬೆಳ್ಳಗೆ ಕಾಣ್ತದೆ. ಆದರೆ ಬರೀ ಅಯಾನು ವಿಷ. ಗಾತ್ರದಲ್ಲಿ ಕ್ಯಾಲ್ಸಿಯಂ ಅಯಾನಿಗೆ ಹತ್ತಿರ ಇರೋದರಿಂದ ಮೈಯಲ್ಲಿ ಅದರ ಕೆಲಸಕ್ಕೇ ಅಡ್ಡ ಬರ್ತದೆ. ಅದಕ್ಕಾಗಿ ಕೀಲೇಟ್ ಒಳಗೆ ಕಟ್ಟಿ ಕೊಡ್ತಾರೆ. ಫಸ್ಟ್ ಇಯರ್ ಕೆಮಿಸ್ಟ್ರಿ ಲ್ಯಾಬಿನಲ್ಲಿ ಇಡಿಟಿಎ ಹಾಕಿ ನೀರಿನ ಗಡಸುತನ ಅಳೆದು, ವೈವಾ ಮುಗಿದ ಮರುದಿನ ಮರೆತೆವಲ್ಲ, ಅದರ ಸಂಬಂಧಿಕರೇ ಇವು.

ಕಟ್ಟುವ ರೀತಿ ಎರಡು. ಲೀನಿಯರ್ ಅಂದ್ರೆ ಹಗ್ಗ ಸುತ್ತಿದ ಹಾಗೆ, ಮ್ಯಾಕ್ರೋಸೈಕ್ಲಿಕ್ ಅಂದ್ರೆ ಪಂಜರದೊಳಗೆ ಕೂಡಿಹಾಕಿದ ಹಾಗೆ. ಹಗ್ಗ ಸಡಿಲಾಗುವ ಸಾಧ್ಯತೆ ಹೆಚ್ಚು. ಕಿಡ್ನಿ ತೀರಾ ಕೆಟ್ಟವರಲ್ಲಿ ಚರ್ಮ ಬಿಗಿದು ಕೀಲು ಮಡಚಲಾಗದಂಥ ಒಂದು ಕಾಯಿಲೆಗೂ ಈ ಇಂಜೆಕ್ಷನ್‌ಗೂ ನಂಟಿದೆ ಅಂತ 2006ರಲ್ಲಿ ವೈದ್ಯರು ಗುರುತಿಸಿದರು. 2017ರಲ್ಲಿ ಯುರೋಪಿನ ಔಷಧ ಸಂಸ್ಥೆ ರಕ್ತನಾಳಕ್ಕೆ ಕೊಡುವ ಲೀನಿಯರ್ ಔಷಧಗಳನ್ನು ನಿಲ್ಲಿಸಲು ಹೇಳಿತು. ಗ್ಯಾಡೋಕ್ಸೆಟೇಟ್ ಮತ್ತು ಗ್ಯಾಡೋಬೆನೇಟ್ ಎರಡನ್ನು ಮಾತ್ರ, ಅದೂ ಲಿವರ್ ಸ್ಕ್ಯಾನಿಗಷ್ಟೇ, ಉಳಿಸಿಕೊಂಡಿತು.

ಉಳಿಸಿಕೊಂಡದ್ದಕ್ಕೆ ಕಾರಣ ಇದೆ. ಗ್ಯಾಡೋಕ್ಸೆಟೇಟ್‌ನ ಸುಮಾರು ಅರ್ಧವನ್ನು ಲಿವರ್‌ನ ಜೀವಕೋಶಗಳು ಹೀರಿ ಪಿತ್ತಕ್ಕೆ ಬಿಡ್ತಾವು. 20 ನಿಮಿಷ ಬಿಟ್ಟು ತೆಗೆದ ಚಿತ್ರದಲ್ಲಿ ಚೆನ್ನಾಗಿರುವ ಲಿವರ್ ಬೆಳ್ಳಗೆ, ಬೇರೆ ಅಂಗದಿಂದ ಹಬ್ಬಿದ ಸಣ್ಣ ಕ್ಯಾನ್ಸರ್ ಗಂಟು ಕಪ್ಪಗೆ ಕಾಣ್ತದೆ. ಮ್ಯಾಕ್ರೋಸೈಕ್ಲಿಕ್ ಜಾತಿಯ ಗ್ಯಾಡೋಬುಟ್ರಾಲ್, ಗ್ಯಾಡೋಟೆರೇಟ್ ಇದನ್ನು ಮಾಡಲಾರವು. ಅವು ಜೀವಕೋಶದ ಹೊರಗೇ ಸುತ್ತಾಡಿ ಮೂತ್ರದಲ್ಲಿ ಹೊರಟು ಹೋಗ್ತಾವು. ಹಂಗಂತ “ಎಷ್ಟರೆ ಆಗಲಿ, ತುಟ್ಟೀದ ಹಾಕ್ರಿ” ಅನ್ನೋದರಲ್ಲಿ ಅರ್ಥವಿಲ್ಲ. ಕಾಮಾಲೆ ಜೋರಾಗಿದ್ದರೆ ಲಿವರ್ ಗ್ಯಾಡೋಕ್ಸೆಟೇಟನ್ನು ಸರಿಯಾಗಿ ಹೀರೂದೇ ಇಲ್ಲ. ಹೆಮಾಂಜಿಯೋಮಾ ಅನ್ನೋ ನಿರಪಾಯದ ಗಂಟು ಕೂಡ ಕೊನೆಗೆ ಕಪ್ಪಾಗಿ ಕಂಡು ಗೊಂದಲ ಹುಟ್ಟಿಸ್ತದೆ.

ಈಗ ಲೆಕ್ಕ ನೋಡ್ರಿ. 60 ಕೆ.ಜಿ. ತೂಕದವರಿಗೆ ಗ್ಯಾಡೋಬುಟ್ರಾಲ್ 6 ಮಿ.ಲೀ., ಗ್ಯಾಡೋಕ್ಸೆಟೇಟ್ ಕೂಡ 6 ಮಿ.ಲೀ. ಆದರೆ ಮೊದಲನೆಯದರಲ್ಲಿ ಗ್ಯಾಡೊಲಿನಿಯಂ 6 ಮಿಲಿಮೋಲ್, ಎರಡನೆಯದರಲ್ಲಿ 1.5. ಗ್ಯಾಡೋಟೆರೇಟ್ ಆದ್ರೆ 6 ಮಿಲಿಮೋಲ್‌ಗೆ 12 ಮಿ.ಲೀ. ಬೇಕು. ಹೆಸರಿಲ್ಲದೆ ಬರೀ ಮಿ.ಲೀ. ಬರೆದರೆ ಅದು ಯೂನಿಟ್ ಬರೆಯದ ಉತ್ತರದ ಹಾಗೆ. ನಮಗಾದ್ರೆ ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಕಟ್!

ಇನ್ನು ಪಿತ್ತನಾಳ ನೋಡುವ ಎಂಆರ್‌ಸಿಪಿಗೆ ಸಾಮಾನ್ಯವಾಗಿ ಇಂಜೆಕ್ಷನ್ನೇ ಬೇಡ, ಟಿ2 ಚಿತ್ರದಲ್ಲಿ ಪಿತ್ತವೇ ಬೆಳಗ್ತದೆ. ಜಠರದ ನೀರೂ ಬೆಳಗಿ ಅಡ್ಡ ಬಂದ್ರೆ ಅನಾನಸ್ ರಸ ಕುಡಿಸುವ ಉಪಾಯ ಉಂಟು. ರಸದ ಮ್ಯಾಂಗನೀಸ್ ಆ ನೀರನ್ನು ಕಪ್ಪು ಮಾಡ್ತದೆ. ಬನವಾಸಿಯ ಅನಾನಸ್ ತಿಂದವರಿಗೆ ಇದು ಖುಷಿಯ ಸುದ್ದಿ.

ಯಾವುದು ಹಾಕಬೇಕು ಅಂತ ನಿರ್ಧರಿಸೋದು ರೇಡಿಯಾಲಜಿಸ್ಟ್ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಪೇಶಂಟ್ ಹೆಸರು ಕೇಳಿದ್ರೆ ಸುಮ್ಮನೆ ಹೆದರ್ತಾರೆ ಅನ್ನೋರೂ ಇದ್ದಾರೆ. ನಾವು ಒಪ್ಪೂದಿಲ್ಲ. ಇಲ್ಲಿ ಒಂದು ಸ್ಕ್ಯಾನ್ ಮಾಡಿಸಿ, ಆರು ತಿಂಗಳಿಗೆ ಬೆಂಗಳೂರಿನಲ್ಲಿ ಇನ್ನೊಂದು ಮಾಡಿಸುವ ಮನೆಗಳು ಎಷ್ಟಿಲ್ಲ? ಗಂಟು ಬೆಳೆದಿದೆಯೋ ಇಲ್ಲವೋ ಹೇಳುವ ಡಾಕ್ಟರಿಗೆ ಹಿಂದಿನ ಸಲ ಏನು ಹಾಕಿದ್ದರು ಅನ್ನೋದು ಬೇಕು. “ಹೋದ ಸಲ ಡೈ ಹಾಕಿದಾಗ ಮೈ ತುರಿಸಿತ್ತು” ಅಂತ ಅಜ್ಜಿ ಹೇಳಿದ್ರೆ, ಅದು ಸಿಟಿಯ ಅಯೋಡಿನ್ನೋ ಎಂಆರ್‌ಐನ ಗ್ಯಾಡೊಲಿನಿಯಮ್ಮೋ? ಎರಡೂ ಬೇರೆ ಔಷಧ, ಬಿಲ್ಲಿನಲ್ಲಿ ಎರಡಕ್ಕೂ ಒಂದೇ ಹೆಸರು. ಔಷಧದ ಹೆಸರು, ಡೋಸು, ಆ ದಿನದ ಕ್ರಿಯಾಟಿನಿನ್ ರಿಪೋರ್ಟಿನಲ್ಲಿ ಅಚ್ಚಾಗಬೇಕು. ಕೆಲವು ಕಡೆ ಬರೀತಾರೆ, ಎಲ್ಲಾ ಕಡೆ ಬರೀಬೇಕು. ಸಾಫ್ಟ್‌ವೇರ್‌ನಲ್ಲಿ ಮೂರು ಖಾನೆ ಸೇರಿಸಿದ್ರೆ ಮುಗೀತು, ನಮ್ಮ ಕ್ಲಾಸಿನ ಮಿನಿ ಪ್ರಾಜೆಕ್ಟ್‌ಗಿಂತ ಸಣ್ಣ ಕೆಲಸ.

ಅಲ್ಲೀತನಕ ನಮ್ಮ ಕೈಯಲ್ಲಿ ಪೆನ್ನಿದೆ. ಮುಂದಿನ ಸಲ ಕಾಕಾನ ಜೋಡಿ ಹೋದಾಗ ಬಾಟಲಿ ಮೇಲಿನ ಹೆಸರು ಯಾವುದ್ರೀ ಅಂತ ಟೆಕ್ನಿಷಿಯನ್‌ಗೆ ಕೇಳಿ, ತಾರೀಖಿನ ಸಮೇತ ಫಿಲ್ಮಿನ ಕವರ್ ಮೇಲೆ ಬರೆದಿಡೋಣ.