ನಾಯಿಯನ್ನು ಒಳಗೆ ತಂದವರು ನಾವೇ

ನಮ್ಮ ಕಡೆ ನಾಯಿ ಅಂದರೆ ಅಂಗಳದ ಪ್ರಾಣಿ. ಅಪ್ಪನ ಕಾಲದಲ್ಲಿ ಅದು ಜಗಲಿ ಹತ್ತಿದ್ದು ನಾನು ಕಂಡಿಲ್ಲ. ಹಟ್ಟಿಯ ಬದಿಯಲ್ಲಿ ಮಲಗುತ್ತಿತ್ತು. ಎಲ್ಲಿ ಉಚ್ಚೆ ಹೊಯ್ದಿತು ಎಂದು ಕೇಳುವವರೇ ಇರಲಿಲ್ಲ.

ಈಗ ಹಾಗಲ್ಲ. ನಮ್ಮ ಗುಡ್ಡದ ಬದಿಗೆ ಚಿರತೆ ಬರಲು ಶುರುವಾದ ಮೇಲೆ ಎರಡು ವರ್ಷದಲ್ಲಿ ಮೂರು ನಾಯಿ ಹೋಯಿತು. ಮೂರನೆಯದನ್ನು ಜಗಲಿಯ ಕಂಬಕ್ಕೆ ಕಟ್ಟಿದ್ದೆ. ಬೆಳಿಗ್ಗೆ ನೋಡುವಾಗ ಸರಪಳಿ ಮಾತ್ರ ಇತ್ತು. ನಾಲ್ಕನೆಯ ಮರಿ ತಂದ ದಿನವೇ, ಇದು ರಾತ್ರಿ ಒಳಗೆ ಮಲಗಲಿ ಎಂದು ತೀರ್ಮಾನ ಮಾಡಿದೆ. ತೀರ್ಮಾನ ನನ್ನದು. ನೆಲ ಒರೆಸುವ ಕೆಲಸ ಮಾತ್ರ ಹೆಂಡತಿಯ ಪಾಲಿಗೆ ಬಂತು.

ಇದನ್ನು ಬರೆಯಲು ಕಾರಣ ಅದೇ. ನೆರೆಕರೆಯಲ್ಲೂ ಇದೇ ಕಥೆ. ಚಿರತೆಯ ಹೆದರಿಕೆಗೆ ನಾಯಿಯನ್ನು ಒಳಗೆ ತರುತ್ತೇವೆ, ಎಂಟು ದಿನದಲ್ಲಿ ಮನೆ ನಾರುತ್ತದೆ, ಮನೆಯವರಿಗೆ ಸಾಕಾಗುತ್ತದೆ, ನಾಯಿಗೆ ನಾಲ್ಕು ಪೆಟ್ಟು ಬೀಳುತ್ತದೆ, ಕಡೆಗೆ ಪುನಃ ಹೊರಗೆ. ಹಾಗೆ ಹೊರಗೆ ಹಾಕಿದ ನಾಯಿ ಎಷ್ಟು ದಿನ ಉಳಿದೀತು? ತಪ್ಪು ನಾಯಿಯದ್ದಲ್ಲ ಮಾರಾಯ್ರೆ. ಬಾಗಿಲು ಹಾಕುವುದು ನಾವು, ತೆಗೆಯುವುದೂ ನಾವು.

ನಾನು ರಾತ್ರಿ ಒಂಬತ್ತಕ್ಕೆ ಬಾಗಿಲು ಹಾಕಿ ಬೆಳಿಗ್ಗೆ ಆರಕ್ಕೆ ತೆಗೆಯುತ್ತಿದ್ದೆ. ಎರಡು ತಿಂಗಳ ಮರಿ ಒಂಬತ್ತು ಗಂಟೆ ಹೇಗೆ ತಡೆದುಕೊಳ್ಳಬೇಕು? ಪಶುವೈದ್ಯರು ಒಂದು ಅಂದಾಜು ಲೆಕ್ಕ ಹೇಳಿದರು: ಮರಿಯ ಪ್ರಾಯ ಎಷ್ಟು ತಿಂಗಳೋ ಹೆಚ್ಚುಕಮ್ಮಿ ಅಷ್ಟು ಗಂಟೆ. ನಿದ್ದೆಯಿಂದ ಎದ್ದ ಕೂಡಲೇ, ಉಂಡ ಸ್ವಲ್ಪ ಹೊತ್ತಿಗೆ, ಆಡಿ ದಣಿದ ಮೇಲೆ ಅದಕ್ಕೆ ಹೋಗಲೇಬೇಕು. ಆ ಹೊತ್ತಿಗೆ ಸರಿಯಾಗಿ, ಅಂಗಳದ ಒಂದೇ ಜಾಗಕ್ಕೆ ಕರೆದೊಯ್ಯಬೇಕು. ಹೊಯ್ದು ಮುಗಿದ ಕ್ಷಣವೇ ಬೆನ್ನು ಸವರಿ ಒಂದು ತುಂಡು ದೋಸೆ ಕೊಟ್ಟರೆ ಬೇಗ ಕಲಿಯುತ್ತದೆ. ರಾತ್ರಿ ಎರಡು ಸಲ ನಾನೇ ಎದ್ದೆ. ಕರೆಂಟು ಬಂದಾಗ ಪಂಪು ಹಾಕಲು ಎದ್ದು ಅಭ್ಯಾಸ ಇದ್ದವನಿಗೆ ಇದೇನು ದೊಡ್ಡದಲ್ಲ. ಆದರೆ ದೀಪ ಹಾಕಿ, ಹಗ್ಗ ಹಿಡಿದು, ಅಂಗಳ ದಾಟದೆ. ಚಿರತೆಯನ್ನು ಮರೆಯಬಾರದಲ್ಲ. ಆರು ತಿಂಗಳಾಗುವಾಗ ಮಲಗುವ ಮೊದಲು ಒಮ್ಮೆ, ಬೆಳಗ್ಗೆ ಒಮ್ಮೆ ಕರೆದೊಯ್ದರೆ ಸಾಕಾಯಿತು. ಉಚ್ಚೆ ಕಡಿಮೆಯಾಗಲಿ ಎಂದು ಕೆಲವರು ಸಂಜೆಯಿಂದಲೇ ನೀರು ಕೊಡುವುದಿಲ್ಲ. ಅದು ಪಾಪದ ಕೆಲಸ. ಊಟವನ್ನು ಬೇಕಾದರೆ ಬೇಗ ಹಾಕಿ, ನೀರು ಇರಲಿ.

ಹೊಡೆದರೆ ಏನಾಗುತ್ತದೆ ಎಂಬುದನ್ನು ನಷ್ಟ ಮಾಡಿಕೊಂಡೇ ಕಲಿತೆ. ಶುರುವಿಗೆ ಮರಿಯ ಮೂಗನ್ನು ಉಚ್ಚೆಗೆ ತಿಕ್ಕಿ ಎರಡು ಕೊಟ್ಟಿದ್ದೆ. ಯಾವಾಗಲೋ ಮಾಡಿದ್ದಕ್ಕೆ ಈಗ ಯಾಕೆ ಪೆಟ್ಟು ಎಂದು ಅದಕ್ಕೆ ತಿಳಿಯುವುದಿಲ್ಲ. ನನ್ನ ಎದುರು ಹೊಯ್ಯಬಾರದು ಎಂದಷ್ಟೇ ಕಲಿತು, ಚಾವಡಿಯ ಮೂಲೆಯ ಅಡಿಕೆ ಗೋಣಿಗಳ ಹಿಂದೆ ಹೋಗಲು ಶುರುಮಾಡಿತು. ನಮಗೆ ಗೊತ್ತಾದದ್ದು ಚಾಲಿ ಸುಲಿಯಲು ಗೋಣಿ ಎಳೆದಾಗ. ಅಡಿಯಲ್ಲಿದ್ದ ಅಡಿಕೆಗೆಲ್ಲ ಬೂಸ್ಟು, ಮೇಲಿನದಕ್ಕೆ ವಾಸನೆ. ಎರಡು ಗೋಣಿ ಮಾಲು ಕರಿಗೋಟಿನ ಲೆಕ್ಕಕ್ಕೆ ಹೋಯಿತು. ಗೋಣಿಗಳನ್ನು ಹಲಗೆಯ ಮೇಲೆ, ಗೋಡೆಯಿಂದ ದೂರ ಇಡಬೇಕೆಂಬ ಬುದ್ಧಿ ಆಮೇಲೆ ಬಂತು.

ಇನ್ನು ನೆಲದ ವಿಷಯ. ಕಂಡ ಕೂಡಲೇ ನೀರು ಸುರಿದು ಹರಡುವುದಲ್ಲ. ಮೊದಲು ಹಳೆ ಬಟ್ಟೆಯಿಂದಲೋ ಮರದ ಹೊಟ್ಟಿನಿಂದಲೋ ಹೀರಿಸಿ ತೆಗೆಯಬೇಕು, ಮತ್ತೆ ಸಾಬೂನು ಅಥವಾ ಅಂಟುವಾಳದ ನೀರಿನಲ್ಲಿ ತೊಳೆದು ಒಣಗಿಸಬೇಕು. ನಮ್ಮದು ಒಳಗೆ ರೆಡ್ ಆಕ್ಸೈಡ್ ನೆಲ. ವಾಸನೆ ಹೋಗಲಿ ಎಂದು ನಾನು ಕಕ್ಕಸು ತೊಳೆಯುವ ಆಸಿಡ್ ಹಾಕಿದೆ. ವಾಸನೆಯ ಜೊತೆ ನೆಲದ ಹೊಳಪೂ ಹೋಯಿತು, ಬಿಳಿ ಕಲೆ ಉಳಿಯಿತು. ಸಿಮೆಂಟು, ಕಡಪ, ಮಾರ್ಬಲ್ ಎಲ್ಲವನ್ನೂ ಹುಳಿ ತಿನ್ನುತ್ತದೆ. ಲಿಂಬೆ, ವಿನೆಗರ್ ಕೂಡ ಬೇಡ. ಟೈಲ್ಸಿಗೆ ತೊಂದರೆ ಇಲ್ಲ, ಆದರೆ ಅದರ ಸಂದು ಉಚ್ಚೆ ಹೀರುತ್ತದೆ. ಬೇಸಿಗೆಯಲ್ಲಿ ಹೋಯಿತು ಎಂದುಕೊಂಡ ವಾಸನೆ ಜೂನಿನ ತೇವಕ್ಕೆ ಪುನಃ ಏಳುವುದು ಹಾಗೆ. ಸಗಣಿ ಸಾರಿಸಿದ ನೆಲವಾದರೆ ಆ ಭಾಗ ಕೆರೆದು ತೆಗೆದು ಹೊಸತಾಗಿ ಸಾರಿಸುವುದೇ ಸುಲಭ.

ಫಿನಾಯಿಲ್ ನಮ್ಮ ಮೂಗಿಗೆ ಮೋಸ ಮಾಡುತ್ತದೆಯೇ ಹೊರತು ನಾಯಿಯ ಮೂಗಿಗಲ್ಲ. ಹಳೆ ವಾಸನೆ ಸಿಕ್ಕಿದರೆ ಅದು ಅಲ್ಲಿಗೇ ಬರುತ್ತದೆ. ಮತ್ತೆ ಕಾಲು ನೆಕ್ಕುವಾಗ ಫಿನಾಯಿಲ್ ಹೊಟ್ಟೆಗೆ ಹೋದರೆ ವಿಷ. ಉಚ್ಚೆಯ ಮೇಲೆ ನೇರ ಬ್ಲೀಚಿಂಗ್ ಪುಡಿಯನ್ನೂ ಎರಚಬೇಡಿ. ಕಣ್ಣು, ಗಂಟಲು ಉರಿಸುವ ಅನಿಲ ಬರುತ್ತದೆ. ಪೇಟೆಯಲ್ಲಿ ಈಗ ಇದಕ್ಕೆಂದೇ ಎನ್‌ಜೈಮ್ ಇರುವ ದ್ರಾವಣ ಸಿಗುತ್ತದೆ. ಕ್ರಯ ಹೆಚ್ಚು, ಆದರೆ ಸಂದಿನ ವಾಸನೆಗೆ ಕೆಲಸ ಮಾಡುತ್ತದೆ.

ವಾಸನೆಗಿಂತ ದೊಡ್ಡ ವಿಷಯ ಇನ್ನೊಂದಿದೆ. ನಮ್ಮ ಜಿಲ್ಲೆಯವರಿಗೆ ಇಲಿಜ್ವರ ಹೊಸತಲ್ಲ. ಅದು ಇಲಿಯಿಂದ ಮಾತ್ರ ಬರುವುದಲ್ಲ, ರೋಗಾಣು ಇರುವ ನಾಯಿಯ ಉಚ್ಚೆಯಿಂದಲೂ ಬರಬಹುದು, ನಾಯಿ ನೋಡಲು ಗಟ್ಟಿಮುಟ್ಟಾಗಿದ್ದರೂ. ರೋಗಾಣು ಗಾಯದ ಮೂಲಕ ಒಳಹೊಗುತ್ತದೆ. ತೋಟದ ಕೆಲಸದವರ ಕೈಕಾಲಿನಲ್ಲಿ ಗಾಯ ಇಲ್ಲದ ದಿನ ಯಾವುದು? ಬರಿಗೈಯಲ್ಲಿ ಒರೆಸಬಾರದು, ನೆಲ ಒದ್ದೆ ಬಿಡಬಾರದು. ನಾಯಿಗೆ ರೇಬೀಸ್ ಚುಚ್ಚುಮದ್ದಿನ ಜೊತೆ ಇಲಿಜ್ವರದ್ದನ್ನೂ ವರ್ಷಕ್ಕೊಮ್ಮೆ ಕೊಡಿಸಬೇಕು. ಅದು ಎಲ್ಲ ಬಗೆಯ ರೋಗಾಣುವನ್ನು ತಡೆಯುವುದಿಲ್ಲವಾದರೂ ಬಿಡುವಂಥದ್ದಲ್ಲ.

ಕಲಿತ ನಾಯಿ ಒಮ್ಮೆಲೇ ಒಳಗೆ ಹೊಯ್ಯತೊಡಗಿದರೆ ಕೋಲು ಹುಡುಕುವುದಲ್ಲ, ಡಾಕ್ಟರರನ್ನು ಹುಡುಕಬೇಕು. ಐದನೇ ವರ್ಷದಲ್ಲಿ ನಮ್ಮದಕ್ಕೆ ಹಾಗಾದಾಗ ನಾನು ಪುನಃ ಬೈದೆ. ನೋಡಿದರೆ ಮೂತ್ರಕೋಶದ ಸೋಂಕು. ಮಾತ್ರೆ ಮುಗಿಯುವಷ್ಟರಲ್ಲಿ ಸರಿಹೋಯಿತು. ಸಕ್ಕರೆ ಕಾಯಿಲೆ, ಕಿಡ್ನಿಯ ತೊಂದರೆ ನಾಯಿಗೂ ಬರುತ್ತದೆ. ಆಪರೇಷನ್ ಆದ ಹೆಣ್ಣುನಾಯಿಗೆ ಕೆಲವೊಮ್ಮೆ ನಿದ್ದೆಯಲ್ಲೇ ಸೋರುತ್ತದೆ, ಅದಕ್ಕೂ ಮದ್ದಿದೆ.

ನೆಲ ಒರೆಸುವ ಬಟ್ಟೆ ಈಗ ನಾನು ಮಲಗುವ ಕೋಣೆಯ ಬಾಗಿಲಲ್ಲೇ ನೇತಾಡುತ್ತದೆ. ಅದು ಹೆಂಡತಿ ಹಾಕಿದ ಷರತ್ತು. ಆಸಿಡ್ಡಿನ ಕಲೆ ಮಾತ್ರ ಹೋಗಲಿಲ್ಲ. ಅದರ ಮೇಲೊಂದು ಗೋಣಿಚೀಲ ಹಾಸಿದ್ದೇವೆ. ನಾಯಿ ಅಲ್ಲೇ ಮಲಗುತ್ತದೆ.