ಅದು ಗದ್ದಲವಲ್ಲ, ಮತ

ಜರ್ಮನಿಯ ಫುಟ್‌ಬಾಲ್ ಕ್ರೀಡಾಂಗಣಗಳ ಸುದ್ದಿ ನಮ್ಮ ಕ್ರೀಡಾಪುಟಗಳಿಗೆ ಬರುವುದು ಹೆಚ್ಚಾಗಿ ಎರಡೇ ಬಗೆಯಲ್ಲಿ. ಪ್ರೇಕ್ಷಕರು ಹೊಗೆಬತ್ತಿ ಹಚ್ಚಿ ಆಟ ನಿಲ್ಲಿಸಿದರೆಂಬ ದೂರು ಒಂದು. ಡಾರ್ಟ್‌ಮುಂಡ್‌ನ 'ಹಳದಿ ಗೋಡೆ'ಯ ಬಣ್ಣದ ಚಿತ್ರ ಇನ್ನೊಂದು. ದೂರಿನ ಕೆಳಗೆ 'ಹುಚ್ಚು ಅಭಿಮಾನಿಗಳು' ಎಂದಿರುತ್ತದೆ. ಚಿತ್ರದ ಕೆಳಗೂ ಅದೇ ಮಾತು, ಈ ಸಲ ಮೆಚ್ಚುಗೆಯಿಂದ. ಬೈದರೂ ಹುಚ್ಚು, ಹೊಗಳಿದರೂ ಹುಚ್ಚು. ನನ್ನ ತಕರಾರು ಈ ಪದದ ಮೇಲೆ. ಒಬ್ಬನನ್ನು ಹುಚ್ಚನೆಂದು ಕರೆದ ಮೇಲೆ, ಅವನು ಏನು ಹೇಳುತ್ತಿದ್ದಾನೆಂದು ಕೇಳಿಸಿಕೊಳ್ಳುವ ಜವಾಬ್ದಾರಿ ಯಾರಿಗೂ ಉಳಿಯುವುದಿಲ್ಲ.

ಮೊದಲು ಆ ಗೋಡೆ ಏನೆಂದು ನೋಡೋಣ. ಡಾರ್ಟ್‌ಮುಂಡ್ ಕಲ್ಲಿದ್ದಲು ಮತ್ತು ಉಕ್ಕಿನಿಂದ ಬೆಳೆದ ಊರು. ಗಣಿಗಳೂ ಕುಲುಮೆಗಳೂ ಒಂದೊಂದಾಗಿ ಮುಚ್ಚಿದವು, ಫುಟ್‌ಬಾಲ್ ಉಳಿಯಿತು. ಅಲ್ಲಿನ ಕ್ರೀಡಾಂಗಣದ ದಕ್ಷಿಣ ಸ್ಟ್ಯಾಂಡಿನಲ್ಲಿ ಸುಮಾರು 25 ಸಾವಿರ ಜನ ಹಳದಿ ಅಂಗಿ ತೊಟ್ಟು, ಕುರ್ಚಿಯಿಲ್ಲದೆ, ತೊಂಬತ್ತು ನಿಮಿಷವೂ ನಿಂತು ಹಾಡುತ್ತಾರೆ. ಗೋಲಿನ ಹಿಂದೆ ಎತ್ತರದ ಕಟ್ಟೆಯ ಮೇಲೆ, ಆಟಕ್ಕೆ ಬೆನ್ನು ಹಾಕಿ, ಮೆಗಾಫೋನ್ ಹಿಡಿದು ಹಾಡು ಎತ್ತಿಕೊಡುವವನು ನಿಂತಿರುತ್ತಾನೆ. ಅವನಿಗೆ ಪಂದ್ಯ ಸರಿಯಾಗಿ ಕಾಣುವುದೇ ಇಲ್ಲ. ಕವ್ವಾಲಿಯಲ್ಲಿ ಮುಂದೆ ಕೂತವನು ಒಂದು ಸಾಲು ಎತ್ತಿದರೆ ಹಿಂದಿನವರು ಚಪ್ಪಾಳೆಯೊಂದಿಗೆ ಅದನ್ನು ಹೊತ್ತೊಯ್ಯುತ್ತಾರಲ್ಲ, ಹೆಚ್ಚು ಕಡಿಮೆ ಅದೇ ಕ್ರಮ. ಸ್ಟ್ಯಾಂಡನ್ನೇ ಮುಚ್ಚುವಷ್ಟು ದೊಡ್ಡ ಬಟ್ಟೆಯ ಚಿತ್ರಗಳನ್ನು 'ಅಲ್ಟ್ರಾ' ಎನಿಸಿಕೊಳ್ಳುವ ಗುಂಪಿನ ಹುಡುಗರು ವಾರಗಟ್ಟಲೆ ಕೂತು ಬರೆಯುತ್ತಾರೆ. ಖರ್ಚು ಅವರ ವಂತಿಗೆಯದೇ.

ಇವರನ್ನು ಹೀಗೆ ನಿಲ್ಲಿಸಿರುವುದು ಬರೀ ಮೋಹವಲ್ಲ, ಒಂದು ನಿಯಮವೂ ಹೌದು. ಜರ್ಮನಿಯ ಕ್ಲಬ್ಬುಗಳು ಹುಟ್ಟಿದ್ದು ಸದಸ್ಯರ ಸಂಘಗಳಾಗಿ. 1998ರಲ್ಲಿ ವೃತ್ತಿಪರ ತಂಡವನ್ನು ಕಂಪನಿಯಾಗಿ ಬೇರ್ಪಡಿಸಲು ಅವಕಾಶ ಕೊಟ್ಟಾಗ, ಮತಾಧಿಕಾರದಲ್ಲಿ ಅರ್ಧಕ್ಕಿಂತ ಒಂದು ಹೆಚ್ಚು ಮೂಲ ಸಂಘದ ಕೈಯಲ್ಲೇ ಇರಬೇಕು ಎಂಬ ಷರತ್ತನ್ನೂ ಹಾಕಿದರು. ಅದಕ್ಕೆ '50+1' ಎಂದೇ ಹೆಸರು. ಹಣ ಎಷ್ಟು ಬೇಕಾದರೂ ತನ್ನಿ, ಕೊನೆಯ ಮಾತು ಸದಸ್ಯರದು. ಡಾರ್ಟ್‌ಮುಂಡ್‌ಗೆ ಎರಡು ಲಕ್ಷಕ್ಕೂ ಹೆಚ್ಚು, ಬಾಯರ್ನ್ ಮ್ಯೂನಿಕ್‌ಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. ಉರ್ದುವಿನಲ್ಲಿ 'ತಮಾಷ್‌ಬೀನ್' ಎಂಬ ಪದವಿದೆ, ದೂರ ನಿಂತು ತಮಾಷೆ ನೋಡುವವನು. 'ಹಿಸ್ಸೇದಾರ್' ಎಂಬುದು ಇನ್ನೊಂದು ಪದ, ಪಾಲುಳ್ಳವನು. ಜರ್ಮನ್ ಸ್ಟ್ಯಾಂಡಿನ ಇಡೀ ಜಗಳ ಇರುವುದು ಈ ಎರಡು ಪದಗಳ ನಡುವೆ. ಅಲ್ಲಿ ನಿಂತವನು ತಾನು ಹಿಸ್ಸೇದಾರನೆನ್ನುತ್ತಾನೆ. ಅವನನ್ನು ತಮಾಷ್‌ಬೀನ್ ಮಾಡಿ, ಆಮೇಲೆ ಗಿರಾಕಿ ಮಾಡುವುದು ಮಾರುಕಟ್ಟೆಯ ಹವಣಿಕೆ.

ಇದು ನನ್ನ ಕಲ್ಪನೆಯಲ್ಲ. 2007ರ ನವೆಂಬರಿನಲ್ಲಿ ಬಾಯರ್ನ್ ಕ್ಲಬ್ಬಿನ ವಾರ್ಷಿಕ ಸಭೆಯಲ್ಲಿ ಸದಸ್ಯನೊಬ್ಬ ಕ್ರೀಡಾಂಗಣದಲ್ಲಿ ಕಳೆಯಿಲ್ಲವಾಗಿದೆ ಎಂದು ದೂರಿದ. ಆಗ ಮ್ಯಾನೇಜರ್ ಆಗಿದ್ದ ಊಲಿ ಹೋನೆಸ್ ಸಿಡಿದೆದ್ದರು. ನೀವು ಏಳು ಯೂರೋ ಕೊಟ್ಟು ಒಳಗೆ ಬರುತ್ತೀರಲ್ಲ, ಅದಕ್ಕೆ ಯಾರು ದುಡ್ಡು ಹಾಕುತ್ತಿದ್ದಾರೆಂದುಕೊಂಡಿರಿ, ಐಷಾರಾಮಿ ಕೋಣೆಗಳಲ್ಲಿ ಕೂತವರು ಎಂಬುದು ಅವರ ಅಬ್ಬರದ ಸಾರ. ಅನ್ನ ಹಾಕುವವನು ತಾನೆಂದು ಮನೆಯವರನ್ನು ಗದರಿಸುವ ಯಜಮಾನನ ದನಿ ಇದು. 2014ರಲ್ಲಿ ಈ ಯಜಮಾನರಿಗೇ ತೆರಿಗೆ ವಂಚನೆಗಾಗಿ ಮೂರೂವರೆ ವರ್ಷ ಶಿಕ್ಷೆಯಾಯಿತು. ದುಡ್ಡಿನ ಲೆಕ್ಕ ಕೇಳಿದವರನ್ನು ಬೈದವರ ಲೆಕ್ಕವೇ ತಪ್ಪಿತ್ತು. ಒಂದು ಮಾತು ಮಾತ್ರ ನಿಜ: ನಿಲ್ಲುವ ಟಿಕೆಟ್ಟು ಅಲ್ಲಿ ಇವತ್ತಿಗೂ ದುಡಿಯುವವನ ಕೈಗೆಟುಕುತ್ತದೆ. ಅದು ಉಳಿದಿರುವುದು ಯಾರ ಔದಾರ್ಯದಿಂದಲೂ ಅಲ್ಲ. ಕೇಳುವವರು ಸಭೆಯಲ್ಲಿ ಎದ್ದು ನಿಂತು ಕೇಳುತ್ತಿರುವುದರಿಂದ.

ಇಂಗ್ಲೆಂಡಿನಲ್ಲಿ ಏನಾಯಿತೆಂದು ನೋಡಿ. 1989ರ ಏಪ್ರಿಲ್ 15ರಂದು ಹಿಲ್ಸ್‌ಬರೋ ಕ್ರೀಡಾಂಗಣದ ನೂಕುನುಗ್ಗಲಿನಲ್ಲಿ ಸಿಲುಕಿದವರಲ್ಲಿ ಒಟ್ಟು 97 ಮಂದಿ ತೀರಿಕೊಂಡರು. ಕುಡಿದ ಅಭಿಮಾನಿಗಳೇ ಕಾರಣವೆಂದು ಪೊಲೀಸರು ಕತೆ ಕಟ್ಟಿದರು. ತಪ್ಪು ಪೊಲೀಸರದೆಂದು ತೀರ್ಪುಗಾರರು ಹೇಳುವ ಹೊತ್ತಿಗೆ 2016 ಬಂದಿತ್ತು. ಅಷ್ಟರೊಳಗೆ ದೊಡ್ಡ ಲೀಗುಗಳಲ್ಲಿ ನಿಲ್ಲುವ ಸ್ಟ್ಯಾಂಡುಗಳು ಹೋಗಿ ಕುರ್ಚಿಗಳು ಬಂದಿದ್ದವು, ಟಿಕೆಟ್ಟಿನ ಬೆಲೆ ಏರಿ ಬಡವರ ಮಕ್ಕಳು ಹೊರಗುಳಿದಿದ್ದರು. 'ಹುಚ್ಚರು' ಎಂಬ ಒಂದು ಪದ ಇಷ್ಟೆಲ್ಲ ಕೆಲಸ ಮಾಡಬಲ್ಲದು.

ಜರ್ಮನಿಯವರು ಈ ಪಾಠ ಕಲಿತಿದ್ದರು. 2012ರಲ್ಲಿ ಭದ್ರತೆಯ ಹೆಸರಿನಲ್ಲಿ ಪ್ರೇಕ್ಷಕರ ಮೇಲೆ ಹೊಸ ಕಟ್ಟುಪಾಡುಗಳನ್ನು ಹೇರುವ ಪ್ರಸ್ತಾವ ಬಂದಾಗ ಅವರು ಕಲ್ಲು ತೂರಲಿಲ್ಲ. ಪ್ರಸ್ತಾವ ಮತಕ್ಕೆ ಬರಬೇಕಿದ್ದುದು ಡಿಸೆಂಬರ್ 12ರಂದು. ಅದರ ಹಿಂದಿನ ಪಂದ್ಯಗಳಲ್ಲಿ ಮೊದಲ 12 ನಿಮಿಷ 12 ಸೆಕೆಂಡು ದೇಶದ ಕ್ರೀಡಾಂಗಣಗಳೆಲ್ಲ ಮೌನ. ಘೋಷಣೆಯ ತಾತ್ಪರ್ಯ: ದನಿಯಿಲ್ಲದಿದ್ದರೆ ಕಳೆಯೂ ಇಲ್ಲ. ಜರ್ಮನ್ ಭಾಷೆಯ 'ಸ್ಟಿಮ್ಮೆ' ಎಂಬ ಪದಕ್ಕೆ ದನಿಯೆಂಬ ಅರ್ಥವೂ ಇದೆ, ಓಟು ಎಂಬ ಅರ್ಥವೂ ಇದೆ. ಫುಟ್‌ಬಾಲ್ ಅಲ್ಲಿಯವರಿಗೆ ಒಂದು ಮತ ಎಂದು ನಮ್ಮವರು ಬರೆಯುತ್ತಾರೆ. ಹೌದು, ಮತವೇ. ಆದರೆ ಪೆಟ್ಟಿಗೆಗೆ ಹಾಕುವ ಮತ.

ಆ ದಿನ ಪ್ರಸ್ತಾವ ಪಾಸಾಯಿತು. ಮೌನ ಸೋತಿತು. ಆದರೆ ಕಲಿತ ವಿದ್ಯೆ ಉಳಿಯಿತು. ಟೀವಿಯವರ ಅನುಕೂಲಕ್ಕೆ ಸೋಮವಾರ ರಾತ್ರಿ ಪಂದ್ಯ ಇಟ್ಟಾಗ, ಮರುದಿನ ಕೆಲಸಕ್ಕೆ ಹೋಗುವವನು ನೂರಾರು ಕಿಲೋಮೀಟರ್ ದೂರದಿಂದ ಬರುವುದು ಹೇಗೆಂದು ಕೇಳಿದರು. 2018ರ ಫೆಬ್ರವರಿಯ ಒಂದು ಸೋಮವಾರ ಡಾರ್ಟ್‌ಮುಂಡ್‌ನ ಅಭಿಮಾನಿಗಳು ಬಹಿಷ್ಕಾರ ಹಾಕಿದರು, 81 ಸಾವಿರ ಜನ ಹಿಡಿಸುವ ಕ್ರೀಡಾಂಗಣಕ್ಕೆ ಬಂದವರು ಸುಮಾರು 54 ಸಾವಿರ. ಆ ವರ್ಷವೇ ಲೀಗು ಮಣಿದು, 2021ರಿಂದ ಸೋಮವಾರದ ಪಂದ್ಯ ಇರುವುದಿಲ್ಲವೆಂದು ಸಾರಿತು.

ಇನ್ನೂ ದೊಡ್ಡ ಜಗಳ 2023ರ ಡಿಸೆಂಬರಿನಲ್ಲಿ ಶುರುವಾಯಿತು. ಪ್ರಸಾರದ ಹಕ್ಕಿನ ಆದಾಯದಲ್ಲಿ ಶೇಕಡ 8ರವರೆಗಿನ ಪಾಲನ್ನು 20 ವರ್ಷಕ್ಕೆ ಹೂಡಿಕೆದಾರರಿಗೆ ಕೊಟ್ಟು, ನೂರು ಕೋಟಿ ಯೂರೋವರೆಗೆ ಪಡೆಯುವುದು ಲೀಗಿನ ಯೋಜನೆ. 36 ಕ್ಲಬ್ಬುಗಳಲ್ಲಿ ಮೂರನೇ ಎರಡು ಪಾಲು, ಅಂದರೆ 24 ಮತ ಬೇಕಿತ್ತು. ಸರಿಯಾಗಿ 24 ಬಿತ್ತು. ಹ್ಯಾನೋವರ್‌ನ ಮೂಲ ಸಂಘ 'ಬೇಡ' ಎನ್ನಲು ತನ್ನ ಪ್ರತಿನಿಧಿಗೆ ಸೂಚಿಸಿತ್ತು. ಆತ ಗುಪ್ತ ಮತದಲ್ಲಿ 'ಬೇಕು' ಎಂದಿರಬೇಕೆಂಬ ಸಂಶಯ ಎದ್ದಿತು. ಸದಸ್ಯರ ಮಾತೇ ಕೊನೆಯದೆಂಬ ನಿಯಮದ ಬುಡಕ್ಕೇ ಬಂದ ಪ್ರಶ್ನೆ ಇದು. ಆಮೇಲೆ ಎರಡು ತಿಂಗಳು ಜರ್ಮನಿಯ ಮೈದಾನಗಳ ಮೇಲೆ ಟೆನಿಸ್ ಚೆಂಡುಗಳ ಮಳೆ. ಚಿನ್ನದ ಕಾಗದ ಸುತ್ತಿದ ಚಾಕೊಲೇಟ್ ನಾಣ್ಯಗಳು. ರಿಮೋಟಿನಿಂದ ಓಡುವ, ಹೊಗೆ ಉಗುಳುವ ಆಟದ ಕಾರುಗಳು. ರೆಫರಿ ಆಟ ನಿಲ್ಲಿಸಬೇಕು, ಆಟಗಾರರು ಚೆಂಡು ಹೆಕ್ಕಬೇಕು, ನೇರ ಪ್ರಸಾರದವರು ಕಾಯಬೇಕು. ಮಾರಾಟಕ್ಕಿಟ್ಟಿದ್ದ ಸರಕೇ ಪ್ರಸಾರ. ಇವರು ಆ ಸರಕಿಗೇ ಕೈ ಹಾಕಿದರು, ಯಾರ ತಲೆಯನ್ನೂ ಒಡೆಯದೆ. 2024ರ ಫೆಬ್ರವರಿ 21ರಂದು ಲೀಗು ಯೋಜನೆಯನ್ನೇ ಕೈಬಿಟ್ಟಿತು. ನೂರು ಕೋಟಿ ಯೂರೋವನ್ನು ಟೆನಿಸ್ ಚೆಂಡಿನಿಂದ ಹಿಮ್ಮೆಟ್ಟಿಸಿದವರನ್ನು ಹುಚ್ಚರೆನ್ನಬೇಕಾದರೆ ಬುದ್ಧಿವಂತರ ಅರ್ಥವನ್ನೇ ಬದಲಿಸಬೇಕು.

ಎದುರಿನವರ ವಾದವೂ ಸಣ್ಣದಲ್ಲ. 50+1 ಸಮಾನತೆ ತಂದಿತೇ, 2013ರಿಂದ 2023ರವರೆಗೆ ಹನ್ನೊಂದು ಸಲ ಸತತವಾಗಿ ಬಾಯರ್ನ್ ಒಂದೇ ಗೆಲ್ಲಲಿಲ್ಲವೇ ಎನ್ನುತ್ತಾರೆ. 2024ರಲ್ಲಿ ಅದನ್ನು ಮುರಿದ ಲೆವರ್ಕುಸೆನ್ ಔಷಧ ಕಂಪನಿ ಬಾಯರ್‌ನದು, ನಿಯಮದ ವಿನಾಯಿತಿಯಲ್ಲಿರುವ ತಂಡ. ಸರಿ, ಒಪ್ಪೋಣ. ಗೆಲುವನ್ನು ಸಮನಾಗಿ ಹಂಚುತ್ತೇನೆಂದು ಆ ನಿಯಮ ಹೇಳಿಯೇ ಇಲ್ಲ. ಮನೆ ಯಾರದೆಂದು ಮಾತ್ರ ಅದು ಹೇಳುತ್ತದೆ. ಬಾಡಿಗೆಯವನು ಮನೆಗೆ ಸುಣ್ಣ ಬಳಿಯುವುದಿಲ್ಲ. ಯೂನಿಯನ್ ಬರ್ಲಿನ್ ಕ್ಲಬ್ಬಿಗೆ 2004ರಲ್ಲಿ ಹಣವಿಲ್ಲದಾಗ ಅಭಿಮಾನಿಗಳು ರಕ್ತ ಕೊಟ್ಟು, ಅದಕ್ಕೆ ಸಿಕ್ಕ ಹಣವನ್ನು ಕ್ಲಬ್ಬಿಗೆ ತಂದರು. 2008ರಲ್ಲಿ ಹಳೆಯ ಕ್ರೀಡಾಂಗಣ ಕಟ್ಟಲು ಎರಡು ಸಾವಿರಕ್ಕೂ ಹೆಚ್ಚು ಜನ ಸಲಿಕೆ ಹಿಡಿದು ಬಂದರು. ಕೂಲಿಯಿಲ್ಲದೆ ಒಟ್ಟು ಒಂದು ಲಕ್ಷ ನಲವತ್ತು ಸಾವಿರ ಗಂಟೆ ದುಡಿದರು. ಹ್ಯಾಂಬರ್ಗ್‌ನ ಸೇಂಟ್ ಪೌಲಿಯವರು 2024-25ರಲ್ಲಿ ಸಹಕಾರ ಸಂಘ ಕಟ್ಟಿ, ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರಿಂದ ಸುಮಾರು 2.9 ಕೋಟಿ ಯೂರೋ ಕೂಡಿಸಿದರು. ಸಹಕಾರ ಸಂಘವೆಂದರೇನೆಂದು ನಮ್ಮ ಹಾಲಿನ ಡೈರಿಗಳ ಊರವರಿಗೆ ಬಿಡಿಸಿ ಹೇಳಬೇಕಿಲ್ಲ.

ಇವರು ಸಂತರೆಂದು ನಾನು ಹೇಳುತ್ತಿಲ್ಲ. ಕೈಮಿಲಾಯಿಸುವವರಿದ್ದಾರೆ, ಕುಡಿದು ಕೂಗುವವರಿದ್ದಾರೆ. 1980ರ ದಶಕದಲ್ಲಿ ಇದೇ ಡಾರ್ಟ್‌ಮುಂಡ್‌ನಲ್ಲಿ ನವನಾಜಿಗಳ ಗುಂಪೊಂದು ಸ್ಟ್ಯಾಂಡಿನಲ್ಲಿ ಬೇರು ಬಿಟ್ಟಿತ್ತು. ಆದರೆ 2020ರ ಫೆಬ್ರವರಿ ಒಂದೇ ತಿಂಗಳಲ್ಲಿ ನಡೆದ ಮೂರು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 4ರಂದು ಷಾಲ್ಕೆಯ ಮೈದಾನದಲ್ಲಿ ಹೆರ್ಥಾ ಬರ್ಲಿನ್‌ನ ಕಪ್ಪು ಆಟಗಾರ ಜೋರ್ಡನ್ ತೊರುನಾರಿಘಾ ಅವರನ್ನು ಕೆಲವರು ಮಂಗನ ಕೂಗಿನಿಂದ ಹಂಗಿಸಿದರು. ಆಟ ನಿಲ್ಲಲಿಲ್ಲ. ಕಣ್ಣೀರು, ಸಿಟ್ಟು ತಡೆಯಲಾಗದೆ ಪಾನೀಯದ ಕ್ರೇಟನ್ನು ನೆಲಕ್ಕಪ್ಪಳಿಸಿದ್ದಕ್ಕೆ ಅವರನ್ನೇ ಹೊರಗೆ ಹಾಕಿದರು. 14ರಂದು ಮೂರನೇ ದರ್ಜೆಯ ಪಂದ್ಯದಲ್ಲಿ, ಮ್ಯೂನ್‌ಸ್ಟರ್ ಊರಿನಲ್ಲಿ, ಲೆರಾಯ್ ಕ್ವಾಡ್ವೊ ಎಂಬ ಆಟಗಾರರಿಗೆ ಅದೇ ಅವಮಾನ. ಅಲ್ಲಿ ಸುತ್ತಲಿದ್ದ ಪ್ರೇಕ್ಷಕರೇ ಬೈದವನನ್ನು ಬೆರಳಿಟ್ಟು ತೋರಿಸಿ ಪೊಲೀಸರಿಗೆ ಒಪ್ಪಿಸಿದರು; ನಾಜಿಗಳೇ ತೊಲಗಿ ಎಂಬ ಕೂಗು ಮೊಳಗಿತು. 29ರಂದು ಹಾಫನ್‌ಹೈಮ್ ತಂಡದ ಹಿಂದಿರುವ ಕೋಟ್ಯಧೀಶ ಡಿಟ್ಮಾರ್ ಹಾಪ್ ಅವರನ್ನು ಬಾಯರ್ನ್‌ನ ಅಭಿಮಾನಿಗಳು ಬ್ಯಾನರಿನಲ್ಲಿ ಅಸಭ್ಯವಾಗಿ ಬೈದರು. ಈಗ ಆಟ ಎರಡು ಸಲ ನಿಂತಿತು. ಕೊನೆಯ ಹದಿಮೂರು ನಿಮಿಷ ಎರಡೂ ತಂಡದವರು ಪ್ರತಿಭಟನೆಯೆಂದು ಚೆಂಡನ್ನು ಒಬ್ಬರಿಗೊಬ್ಬರು ತಳ್ಳುತ್ತ ಹೊತ್ತು ಕಳೆದರು. ಬೈದದ್ದು ತಪ್ಪೇ. ಆದರೆ ಕಪ್ಪು ಹುಡುಗನ ಕಣ್ಣೀರಿಗೆ ನಿಲ್ಲದ ಆಟ ಕೋಟ್ಯಧೀಶನ ಮರ್ಯಾದೆಗೆ ನಿಂತಿತು. ಮ್ಯೂನ್‌ಸ್ಟರ್‌ನ ಸಾಮಾನ್ಯ ಟಿಕೆಟ್ಟಿನವರಿಗೆ ಹೊಳೆದ ನ್ಯಾಯ ಅಧಿಕಾರಿಗಳಿಗೆ ಹೊಳೆದದ್ದು ಸಾಹುಕಾರನ ಸರದಿ ಬಂದಾಗ.

ಈಗ ನಮ್ಮವರಿಗೆ ಇರುಸುಮುರುಸಾಗುವ ಮಾತು. 2022ರಲ್ಲಿ ಕತಾರ್‌ನಲ್ಲಿ ವಿಶ್ವಕಪ್ ನಡೆದಾಗ ಜರ್ಮನಿಯ ಸ್ಟ್ಯಾಂಡುಗಳಲ್ಲಿ ಬಹಿಷ್ಕಾರದ ಬ್ಯಾನರ್‌ಗಳು ಏರಿದವು. ಇದು ಮುಸ್ಲಿಂ ದೇಶದ ಮೇಲಿನ ದ್ವೇಷ ಎಂದು ನಮ್ಮಲ್ಲಿ ಹಲವರು ತೀರ್ಮಾನಿಸಿಬಿಟ್ಟರು. ಅಂಥ ದ್ವೇಷ ಇರಲೇ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಬಾಯರ್ನ್‌ನ ಅಭಿಮಾನಿಗಳು ಕತಾರ್ ಏರ್‌ವೇಸ್ ಪ್ರಾಯೋಜಕತ್ವದ ವಿರುದ್ಧ ದನಿಯೆತ್ತಿದ್ದು ಅದಕ್ಕೆ ಎಷ್ಟೋ ಮೊದಲು, ಮತ್ತು ತಮ್ಮದೇ ಕ್ಲಬ್ಬಿನ ವಿರುದ್ಧ. 2021ರ ವಾರ್ಷಿಕ ಸಭೆಯಲ್ಲಿ ಆ ಕುರಿತ ಠರಾವನ್ನೇ ಮಂಡಿಸಲು ಬಿಡದಿದ್ದಾಗ ಸಭೆ ಗಲಾಟೆಯಲ್ಲಿ ಮುಗಿಯಿತು. 2023ರಲ್ಲಿ ಒಪ್ಪಂದ ಮುಂದುವರಿಯಲಿಲ್ಲ. ಅತ್ತ 2022ರ ಮಾರ್ಚಿನಲ್ಲಿ ಜರ್ಮನಿಯ ಸಚಿವರು ಅನಿಲ ಕೇಳಲು ದೋಹಾಕ್ಕೆ ಹೋಗಿದ್ದರು. ರಾಷ್ಟ್ರೀಯ ತಂಡ ನವೆಂಬರಿನಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ಒಂದು ಫೋಟೋ ತೆಗೆಸಿಕೊಂಡಿತು. ಕಪಟ ಯಾವುದು, ಹಟ ಯಾವುದು, ಓದುಗರೇ ಅಳೆಯಲಿ. ಆ ಕ್ರೀಡಾಂಗಣಗಳ ಕಬ್ಬಿಣ ಹೊತ್ತವರು ನೇಪಾಳದವರು, ಬಾಂಗ್ಲಾದವರು, ನಮ್ಮವರು. ನಮ್ಮ ಕರಾವಳಿಯ ಎಷ್ಟೋ ಮನೆಗಳ ಅನ್ನ ಕೊಲ್ಲಿಯ ಬೆವರಿನಿಂದ ಬಂದದ್ದು. ಆ ಬೆವರಿನ ಪ್ರಶ್ನೆಯನ್ನು ಮ್ಯೂನಿಕ್‌ನ ಸ್ಟ್ಯಾಂಡು ಎತ್ತಿದಾಗ ಅದನ್ನು ಧರ್ಮದ ಚಾದರದಡಿ ಮುಚ್ಚುವುದು ಯಾರ ಸೇವೆ?

ಆ ದನಿ ಎಲ್ಲ ಕಡೆಗೂ ತಲುಪುತ್ತದೆ ಎಂದಲ್ಲ. ಗೆಲ್ಸೆನ್‌ಕಿರ್ಖೆನ್‌ನಲ್ಲಿ ಹುಟ್ಟಿದ ಮೆಸುತ್ ಓಝಿಲ್, ಗೆದ್ದಾಗ ನಾನು ಜರ್ಮನ್, ಸೋತಾಗ ವಲಸಿಗ ಎಂದು ಹೇಳಿ 2018ರಲ್ಲಿ ರಾಷ್ಟ್ರೀಯ ತಂಡ ಬಿಟ್ಟರು. ಗಾಝಾದ ಬಗ್ಗೆ ಬರೆದದ್ದಕ್ಕೆ ಮೈನ್ಸ್ ಕ್ಲಬ್ಬು 2023ರ ನವೆಂಬರಿನಲ್ಲಿ ಅನ್ವರ್ ಎಲ್ ಘಾಝಿಯನ್ನು ಕೆಲಸದಿಂದ ತೆಗೆಯಿತು. ವಜಾ ಸಲ್ಲದೆಂದು 2024ರಲ್ಲಿ ಹೇಳಿದ್ದು ಕಾರ್ಮಿಕ ನ್ಯಾಯಾಲಯ. ಪಾಲುಗಾರಿಕೆಯ ನಿಜವಾದ ಪರೀಕ್ಷೆ ತಮ್ಮ ಟಿಕೆಟ್ಟಿನ ಬೆಲೆಯಲ್ಲಿಲ್ಲ, ಇಂಥ ಹೊತ್ತಿನಲ್ಲಿದೆ. ಗೋಡೆಗೆ ಇನ್ನೂ ಕಟ್ಟಬೇಕಾದ ಭಾಗವಿದೆ.

ನಾವಾದರೂ ಏನು? 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ 11 ಮಂದಿ ಕಾಲ್ತುಳಿತಕ್ಕೆ ಸತ್ತರು. ಆಮೇಲೆ ದೊಡ್ಡವರೆಲ್ಲ ಒಬ್ಬರ ಕಡೆಗೊಬ್ಬರು ಬೆರಳು ತೋರಿದರು. ಲೆಕ್ಕ ಕೇಳಲು ಅಭಿಮಾನಿಗಳಿಗೆ ಒಂದು ಸಂಘವಿಲ್ಲ, ಸಭೆಯಿಲ್ಲ, ಮತವಿಲ್ಲ. 'ಅಭಿಮಾನಿ ದೇವರು' ಎಂದು ಕರೆಸಿಕೊಳ್ಳುವ ಸುಖ ಮಾತ್ರ ಇದೆ. ದೇವರಿಗೆ ನೈವೇದ್ಯ ತೋರಿಸಿದರೆ ಸಾಕು, ಅವನು ಲೆಕ್ಕ ಕೇಳುವುದಿಲ್ಲ. ಸದಸ್ಯ ಕೇಳುತ್ತಾನೆ.

2020ರ ಮೇ 16ರಂದು, ಸಾಂಕ್ರಾಮಿಕದ ನಡುವೆ, ಡಾರ್ಟ್‌ಮುಂಡ್ ಬರಿದಾದ ಕ್ರೀಡಾಂಗಣದಲ್ಲಿ ಷಾಲ್ಕೆಯನ್ನು 4-0ಯಿಂದ ಸೋಲಿಸಿತು. ಚೆಂಡಿಗೆ ಒದ್ದ ಸದ್ದು, ಆಟಗಾರರು ಒಬ್ಬರನ್ನೊಬ್ಬರು ಕೂಗುವುದು ಟೀವಿಯಲ್ಲಿ ಕೇಳುತ್ತಿತ್ತು. ಟೀವಿಯವರು ಧ್ವನಿಮುದ್ರಿತ ಜನರ ಗದ್ದಲವನ್ನು ಹಾಕಿ ಕೇಳುವ ಸೌಕರ್ಯ ಕೊಟ್ಟರು. ಗದ್ದಲವಷ್ಟೇ ಬೇಕಾದರೆ ಯಂತ್ರದಲ್ಲೂ ಸಿಗುತ್ತದೆ. ಯಂತ್ರ ಟೆನಿಸ್ ಚೆಂಡು ಎಸೆಯುವುದಿಲ್ಲ, ಟಿಕೆಟ್ಟಿನ ಬೆಲೆ ಕೇಳುವುದಿಲ್ಲ, ಬೈದವನನ್ನು ಬೆರಳಿಟ್ಟು ತೋರಿಸುವುದಿಲ್ಲ. ಮುಂದಿನ ಸಲ ಹಳದಿ ಗೋಡೆಯ ಚಿತ್ರ ಅಚ್ಚು ಹಾಕುವಾಗ ನಮ್ಮ ಉಪಸಂಪಾದಕರು ಅಡಿಬರಹದಲ್ಲಿ 'ಹುಚ್ಚು' ಎಂಬುದನ್ನು ಹೊಡೆದುಹಾಕಿ, 'ಸದಸ್ಯರು' ಎಂದು ಬರೆಯಲಿ.