ಕಾಲೇಜಿನ ಮೊದಲಿನ ಬೇಸಿಗೆ

ಪಿ.ಯು.ಸಿ. ಪರೀಕ್ಷೆಯ ಫಲಿತಾಂಶವು ಈಚೆಗೆ ಏಪ್ರಿಲ್ ತಿಂಗಳಲ್ಲಿಯೇ ಹೊರಬೀಳುತ್ತಿರುವದರಿಂದ, ಮಕ್ಕಳು ಮುಂದಿನ ಕಾಲೇಜಿನ ಮೆಟ್ಟಿಲನ್ನು ಹತ್ತುವ ಮುಂಚೆ ಎರಡು-ಮೂರು ತಿಂಗಳ ಕಾಲವು ಬರಿದಾಗಿ ಉಳಿಯುತ್ತದೆ. ಈ ಕಾಲವನ್ನು ಹೇಗೆ ಕಳೆಯಬೇಕೆಂಬದು ಅನೇಕ ಮನೆಗಳಲ್ಲಿ ಚರ್ಚೆಯ ವಿಷಯವಾಗಿದೆ. ಹೋದ ವಾರ ನಮ್ಮ ಓಣಿಯ ಗೃಹಸ್ಥರೊಬ್ಬರು ಇದೇ ಪ್ರಶ್ನೆಯನ್ನು ಹೊತ್ತುಕೊಂಡು ನನ್ನಲ್ಲಿಗೆ ಬಂದಿದ್ದರು. ಅವರ ಮಗನನ್ನು ರಬಕವಿಯಲ್ಲಿರುವ ಸೋದರಮಾವನ ಮನೆಗೆ ಕಳಿಸಬೇಕೆಂದು ಹುಡುಗನ ತಾಯಿಯ ಆಸೆ. ಕಂಪ್ಯೂಟರ್ ತರಗತಿಗೆ ಹಾಕಬೇಕೆಂದು ಇವರ ವಿಚಾರ. “ನೆಂಟರ ಮನೆಯಲ್ಲಿ ಎರಡು ತಿಂಗಳು ಉಂಡು ಮಲಗಿ ಬಂದರೆ ಹುಡುಗನಿಗೆ ಏನು ಬಂದಂತಾಯಿತು, ಗುರುಗಳೇ?” ಎಂದು ಅವರು ಕೇಳಿದರು.

ಅವರ ಮಾತು ನ್ಯಾಯವಾದುದೇ. ಉಂಡು ಮಲಗಿ ಬರುವದಾದರೆ ಏನೂ ಬರುವದಿಲ್ಲ. ಆದರೆ ಹುಡುಗನನ್ನು ಕಳಿಸುವದೇ ಲೇಸೆಂದು ನನ್ನ ಮನಸ್ಸು ಹೇಳುತ್ತಿತ್ತು. ಅದಕ್ಕೆ ಕಾರಣವನ್ನು ವಿವರಿಸಬೇಕಾದರೆ ನನ್ನದೇ ಒಂದು ತಪ್ಪನ್ನು ಬಿಚ್ಚಿ ಹೇಳಬೇಕಾಗಿತ್ತು. ಅಂದು ನಾಲಿಗೆ ಬರಲಿಲ್ಲ. ಇಂದು ಬರೆಯುತ್ತಿದ್ದೇನೆ.

ಅದು 1983ನೆಯ ಇಸವಿಯ ಬೇಸಿಗೆ. ಬಾಗಲಕೋಟೆ ಜಿಲ್ಲೆಯು ಹುಟ್ಟಿದ್ದು 1997ರಲ್ಲಿ. ಆಗ ಬೀಳಗಿ, ಮುಧೋಳ, ಜಮಖಂಡಿ ಎಲ್ಲವೂ ವಿಜಾಪುರ ಜಿಲ್ಲೆಯ ತಾಲೂಕುಗಳು. ರಬಕವಿ-ಬನಹಟ್ಟಿಯು ಜಮಖಂಡಿ ತಾಲೂಕಿಗೆ ಸೇರಿತ್ತು. ನಮ್ಮದು ಬೀಳಗಿ ತಾಲೂಕಿನ ಕೃಷ್ಣಾತೀರದ ಒಂದು ಹಳ್ಳಿ. ನಾನು ಪಿ.ಯು.ಸಿ. ಪರೀಕ್ಷೆಗೆ ಕುಳಿತು ಬಂದಿದ್ದೆನು; ಧಾರವಾಡದಲ್ಲಿ ಸಂಸ್ಕೃತವನ್ನು ತೆಗೆದುಕೊಂಡು ಬಿ.ಎ. ಓದಬೇಕೆಂದು ಗೊತ್ತಾಗಿತ್ತು. ತಾಯಿಯವರು ನನ್ನನ್ನು ಬನಹಟ್ಟಿಯ ತಮ್ಮ ಅಣ್ಣನ ಮನೆಗೆ ಕಳಿಸಿಕೊಟ್ಟರು. ಜಮಖಂಡಿಯವರೆಗೆ ಒಂದು ಬಸ್ಸು, ಅಲ್ಲಿಂದ ಬನಹಟ್ಟಿಗೆ ಇನ್ನೊಂದು. ಮಾವನವರ ಮನೆಯ ನಡುಮನೆಯಲ್ಲಿ ಒಂದು ಕುಣಿಮಗ್ಗವಿತ್ತು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ಅವರು ಹತ್ತಿಯ ಸೀರೆಗಳನ್ನು ನೆಯ್ಯುತ್ತಿದ್ದರು. ಊರಲ್ಲಿ ವಿದ್ಯುತ್ ಮಗ್ಗಗಳು ಆಗಲೇ ಬಂದಿದ್ದವು. ಸಾವಕಾರರಿಂದ ನೂಲು ತಂದು, ನೇದ ಸೀರೆಯನ್ನು ಅವರಿಗೇ ಮುಟ್ಟಿಸಿ, ಮಾವನವರು ಮಜೂರಿಯನ್ನು ಪಡೆಯುತ್ತಿದ್ದರು.

ಮೊದಲ ಎರಡು ದಿನ ನಾನು ಅತಿಥಿಯಾಗಿದ್ದೆನು. ಕಟ್ಟೆಯ ಮೇಲೆ ಕುಳಿತು ಕಾದಂಬರಿಯನ್ನು ಓದಿದೆನು. ಅತ್ತೆಯವರು ಕರೆದಾಗ ಎದ್ದು ಹೋಗಿ ಉಂಡೆನು. ಮೂರನೆಯ ದಿನ ಮುಂಜಾನೆ ಮಾವನವರು ನನ್ನ ಮುಂದೆ ಒಂದು ರಾಟಿಯನ್ನು ತಂದಿಟ್ಟು, “ತಮ್ಮಾ, ಕೈ ಖಾಲಿ ಇದ್ರ ಹೊತ್ತು ಹೋಗಾಂಗಿಲ್ಲ. ಒಂದೀಟು ಕಂಡಿಕಿ ಸುತ್ತು” ಎಂದರು. ಕಂಡಿಕೆಯೆಂದರೆ ಲಾಳಿಯ ಹೊಟ್ಟೆಯಲ್ಲಿ ಕೂಡ್ರುವ ಚಿಕ್ಕ ಕೊಳವೆ. ಹೊಕ್ಕಿನ ನೂಲನ್ನು ಅದಕ್ಕೆ ಸುತ್ತಬೇಕು. ಸಡಿಲಾಗಿ ಸುತ್ತಿದರೆ ನೂಲು ಸುರುಳಿಸುರುಳಿಯಾಗಿ ಜಾರಿ ಬೀಳುತ್ತದೆ. ಬಿಗಿಯಾಗಿ ಸುತ್ತಿದರೆ ಲಾಳಿಯು ಓಡುವಾಗ ಹರಿಯುತ್ತದೆ. ಮಾವನವರ ಎಂಟು ವರ್ಷದ ಮಗಳು ನಾನೊಂದು ಸುತ್ತುವಷ್ಟರಲ್ಲಿ ಮೂರು ಕಂಡಿಕೆಗಳನ್ನು ಸುತ್ತಿ, ನನ್ನ ಕಡೆಗೆ ನೋಡಿ ನಗುತ್ತಿದ್ದಳು. ಅಮರಕೋಶವನ್ನು ಬಾಯಿಪಾಠ ಮಾಡಿದ ನನ್ನ ಅಭಿಮಾನವು ಆ ರಾಟಿಯ ಮುಂದೆ ಬಹಳ ದಿನ ನಿಲ್ಲಲಿಲ್ಲ.

ಒಂದು ತಿಂಗಳು ಕಳೆದಿರಬೇಕು. ಒಂದು ಸಂಜೆ ಮಾವನವರು ಸಾವಕಾರರ ಕಡೆಗೆ ಹೋಗಿದ್ದಾಗ, ಯಾರನ್ನೂ ಕೇಳದೆ ನಾನು ಮಗ್ಗದ ಕುಣಿಯಲ್ಲಿ ಇಳಿದು ಕುಳಿತೆನು. ನಾಲ್ಕಾರು ಸಲ ಲಾಳಿಯನ್ನು ಎಸೆಯುವಷ್ಟರಲ್ಲಿ ಹಾಸಿನ ಎರಡು ಎಳೆಗಳು ಹರಿದವು. ಹರಿದ ತುದಿಗಳನ್ನು ಕೆಳಗೆ ತೂರಿಸಿ, ಏನೂ ಅರಿಯದವನಂತೆ ಬಂದು ಕಟ್ಟೆಯ ಮೇಲೆ ಕುಳಿತೆನು. ಹಾಸಿನ ಎಳೆಯು ಒಂದು ಕಡೆಗೆ ಹರಿದರೆ, ಅದನ್ನು ಕೂಡಿಸುವವರೆಗೂ ಬಟ್ಟೆಯ ಉದ್ದಕ್ಕೆ ಗೆರೆ ಎಳೆದಂತೆ ತೆರವು ಉಳಿಯುತ್ತದೆ. ಅಂಥ ಸೀರೆಗೆ ಸಾವಕಾರರು ಮಜೂರಿಯನ್ನು ಮುರಿಯುತ್ತಾರೆ. ಇದು ನನಗೆ ಆಗ ತಿಳಿದಿರಲಿಲ್ಲ. ಮರುದಿನ ನಸುಕಿನ ಮಬ್ಬಿನಲ್ಲಿ ಮಾವನವರು ಒಂದು ಗೇಣು ನೇದ ಮೇಲೆ ಗೆರೆಯು ಕಣ್ಣಿಗೆ ಬಿದ್ದಿತು. ಅವರು ನನ್ನನ್ನು ಬೈಯಲಿಲ್ಲ. ಬಳಿಯಲ್ಲಿ ಕುಳ್ಳಿರಿಸಿಕೊಂಡು, ನೇದದ್ದನ್ನು ಬಿಚ್ಚಿ, ಎಳೆಗಳನ್ನು ಹೊಸೆದು ಕೂಡಿಸಿ ತೋರಿಸಿದರು. “ಹರದ ಎಳಿ ಹೊಸದ್ರ ಕೂಡ್ತೈತಿ, ತಮ್ಮಾ. ಹೇಳದ ಬಿಟ್ರ ಸೀರಿ ಉದ್ದಕೂ ಹಿಂಗ ಹೋಗ್ತೈತಿ” ಎಂದಷ್ಟೇ ನುಡಿದರು. ಅರ್ಧ ದಿನದ ಕೆಲಸವು ಕೆಟ್ಟಿತ್ತು.

ನಾನು ಹೇಳಬೇಕೆಂದ ತಪ್ಪು ಇದಲ್ಲ. ಅದು ಮುಂದೆ ನಡೆಯಿತು. ಜೂನ್ ತಿಂಗಳ ಮೊದಲ ವಾರದಲ್ಲಿ ಸಂತೆಯ ದಿನ ಮಾವನವರು ಸೀರೆಯ ಗಂಟನ್ನು ಹೆಗಲ ಮೇಲೆ ಹೊತ್ತು ಹೊರಟಿದ್ದರು, ನಾನು ಜೊತೆಯಲ್ಲಿದ್ದೆನು. ಪೇಟೆಯಲ್ಲಿ ನನ್ನ ಸಹಪಾಠಿಯೊಬ್ಬನು ಎದುರಾದನು. ಒಳ್ಳೆಯ ಉಡುಪು ತೊಟ್ಟು, ತಂದೆಯೊಡನೆ ಬಂದಿದ್ದನು. ಅವನೂ ಧಾರವಾಡಕ್ಕೇ ಹೋಗುವವನು. ಮಾತಾಡುತ್ತ ಅವನು ಮಾವನವರ ಕಡೆಗೆ ಕಣ್ಣು ಹಾಯಿಸಿ, “ಇವರು ಯಾರು?” ಎಂದು ಕೇಳಿದನು. “ಯಾರೋ ಪರಿಚಯದವರು” ಎಂದುಬಿಟ್ಟೆನು. ಮಾವನವರು ಎರಡು ಹೆಜ್ಜೆ ಆಚೆಗೆ ನಿಂತಿದ್ದರು. ಅವರು ಗಂಟನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಿಸಿಕೊಂಡು, ನನಗಾಗಿ ಕಾಯದೆ ಮುಂದೆ ನಡೆದರು. ಆ ರಾತ್ರಿ ಊಟದ ಹೊತ್ತಿಗೆ ಎಂದಿನಂತೆ ನನ್ನ ತಾಟಿಗೆ ಇನ್ನೊಂದು ರೊಟ್ಟಿಯನ್ನು ಹಾಕಿಸಿದರು. ಅದನ್ನು ನುಂಗುವದು ನನಗೆ ಕಷ್ಟವಾಯಿತು. ಆದರೆ ಬಾಯಿ ಬಿಡಲಿಲ್ಲ.

ನಾಲ್ಕು ದಿನಗಳ ತರುವಾಯ ಹೊರಟೆನು. ಬಸ್ಸು ಬಿಡುವ ಮುಂಚೆ ಮಾವನವರು ಒಂದು ಅರಿವೆಯ ಗಂಟನ್ನು ನನ್ನ ಕೈಗಿತ್ತರು. ಅದರಲ್ಲಿ ಹತ್ತು ರೂಪಾಯಿಯ ಹನ್ನೆರಡು ನೋಟುಗಳಿದ್ದವು. “ನಿನ್ನ ಕಾಲೇಜಿಗಿ ಅಂತ ಒಂದು ತಿಂಗಳಿಂದ ರಾತ್ರಿ ನೇದಾರ” ಎಂದು ಅತ್ತೆಯವರು ಕಿಟಕಿಯ ಬಳಿಗೆ ಬಂದು ಹೇಳಿದರು. ರಾತ್ರಿಯ ಆ ಮಗ್ಗದ ಸಪ್ಪಳದಿಂದ ನಿದ್ರೆ ಕೆಡುತ್ತದೆಂದು ನಾನು ಒಳಗೊಳಗೇ ಗೊಣಗಿಕೊಂಡವನು!

ಧಾರವಾಡದಲ್ಲಿ ಒಂದೂವರೆ ತಿಂಗಳು ಹೇಗೋ ಕಳೆಯಿತು. ಕಡೆಗೆ ಒಂದು ರಾತ್ರಿ ಕುಳಿತು, ಪೇಟೆಯಲ್ಲಿ ಆಡಿದ ಮಾತನ್ನು ಇದ್ದಂತೆ ಬರೆದು, ಕ್ಷಮೆಯನ್ನು ಬೇಡಿ, ಇನ್‌ಲ್ಯಾಂಡ್ ಪತ್ರವನ್ನು ಹಾಕಿದೆನು. ಹದಿನೈದು ದಿನಗಳ ಮೇಲೆ ಒಂದು ಕಾರ್ಡು ಬಂದಿತು. ಮಾವನವರು ಮೂರನೆಯ ಇಯತ್ತೆಯವರೆಗೆ ಓದಿದವರು; ದಪ್ಪ ಅಕ್ಷರಗಳಲ್ಲಿ ತಾವೇ ಬರೆದಿದ್ದರು. ಎಲ್ಲರೂ ಕ್ಷೇಮ, ಮಳೆ ಸಾಧಾರಣ, ನೂಲು ತುಟ್ಟಿಯಾಗಿದೆ, ಎಮ್ಮೆ ಈದಿದೆ, ದೀಪಾವಳಿಗೆ ತಪ್ಪದೆ ಬರುವದು. ನನ್ನ ತಪ್ಪಿನ ವಿಷಯವಾಗಿ ಒಂದಕ್ಷರವೂ ಇರಲಿಲ್ಲ. ದೀಪಾವಳಿಗೆ ಹೋದೆನು, ಅವರು ಇರುವವರೆಗೂ ತಪ್ಪದೆ ಹೋದೆನು.

ಬಿ.ಎ. ತರಗತಿಯಲ್ಲಿ ರನ್ನನ ಕಾವ್ಯವನ್ನು ಓದುವ ಪ್ರಸಂಗ ಬಂದಾಗ ಈ ಗಾಯವು ಮತ್ತೆ ನೊಂದಿತು. ರನ್ನನು ನಮ್ಮ ನೆರೆಯ ಮುಧೋಳದವನು, ಕ್ರಿ.ಶ. 949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದವನು. ವಿದ್ಯೆಯ ಹಂಬಲದಿಂದ ಮನೆಯನ್ನು ಬಿಟ್ಟು ದೂರದ ಶ್ರವಣಬೆಳಗೊಳಕ್ಕೆ ನಡೆದು, ಅಜಿತಸೇನಾಚಾರ್ಯರ ಶಿಷ್ಯನಾದನು. ಚಾವುಂಡರಾಯನ ಆಶ್ರಯವನ್ನು ಪಡೆದನು. ಚಾಲುಕ್ಯ ಚಕ್ರವರ್ತಿಯಿಂದ ಕವಿಚಕ್ರವರ್ತಿಯೆಂಬ ಬಿರುದನ್ನು ಹೊಂದಿದನು. ಇಷ್ಟೆಲ್ಲ ಆದ ಮೇಲೂ 993ರಲ್ಲಿ ಮುಗಿಸಿದ ತನ್ನ ಅಜಿತಪುರಾಣದಲ್ಲಿ ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ, ಕುಲ ಬಳೆಗಾರರದೆಂದು ಅವನು ತಾನಾಗಿ ಹೇಳಿಕೊಂಡಿದ್ದಾನೆ. ಅವನ ಮನೆತನವು ಇಂದು ನಮಗೆ ತಿಳಿದಿರುವದು ಅವನು ಅದನ್ನು ಮುಚ್ಚಿಡದೆ ಇದ್ದುದರಿಂದ. ಚಕ್ರವರ್ತಿಯ ಸಭೆಯಲ್ಲಿ ಕುಳಿತವನಿಗೆ ಬಾರದ ನಾಚಿಕೆಯು, ಇನ್ನೂ ಕಾಲೇಜಿನ ಮುಖವನ್ನೇ ಕಾಣದ ನನಗೆ ಬನಹಟ್ಟಿಯ ಸಂತೆಯಲ್ಲಿ ಬಂದಿತ್ತು!

ನಮ್ಮ ಸೀಮೆಯ ಮಕ್ಕಳು ವಿದ್ಯೆಗಾಗಿ ಊರು ಬಿಡುವದು ಹೊಸ ಮಾತಲ್ಲ. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ಗುರುದೇವ ರಾನಡೆಯವರು ಅಲ್ಲಿಯ ಪರಶುರಾಮಭಾವೂ ಹಾಯಸ್ಕೂಲಿನಲ್ಲಿ ಓದಿ, 1902ರಲ್ಲಿ ಮ್ಯಾಟ್ರಿಕ್ ಮುಗಿಸಿ, ಪುಣೆಯ ಡೆಕ್ಕನ್ ಕಾಲೇಜಿಗೆ ಹೋದರು. ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿ, 1977ರಲ್ಲಿ ರಾಷ್ಟ್ರಪತಿಗಳ ಅಧಿಕಾರವನ್ನು ಕೆಲಕಾಲ ನಿರ್ವಹಿಸಿದ ಬಿ. ಡಿ. ಜತ್ತಿಯವರು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಕಲಿತರು. ಈಗ ಸಮೀಪದಲ್ಲಿಯೇ ಕಾಲೇಜುಗಳಾಗಿದ್ದರೂ ವೈದ್ಯಕೀಯಕ್ಕೆಂದೂ ಯಂತ್ರಶಾಸ್ತ್ರಕ್ಕೆಂದೂ ಮಕ್ಕಳು ದೂರ ಹೋಗುತ್ತಲೇ ಇದ್ದಾರೆ. ಹೋಗಲಿ, ಅದೇ ಯೋಗ್ಯ. ಆದರೆ ತನ್ನನ್ನು ಯಾರು ಹೊತ್ತು ತಂದರೆಂಬದನ್ನು ಮರೆತು ಹೋಗಬಾರದು. ಪರೀಕ್ಷೆಯಲ್ಲಿ ಬಿದ್ದವನು ಮರುವರ್ಷ ಏಳುತ್ತಾನೆ. ತನ್ನವರ ದುಡಿಮೆಗೆ ನಾಚಿಕೊಂಡವನಿಗೆ, ಆ ನಾಚಿಕೆಯನ್ನು ಯಾರೂ ಬಿಡಿಸದಿದ್ದರೆ, ಜನ್ಮವೆಲ್ಲ ಅದೇ ಗೆರೆ ಉಳಿಯುತ್ತದೆ.

ಸಂಸ್ಕೃತದಲ್ಲಿ ವಿದ್ಯಾರ್ಥಿಗೆ ಅಂತೇವಾಸಿಯೆಂದು ಒಂದು ಹೆಸರುಂಟು. ಬಳಿಯಲ್ಲಿ ವಾಸಿಸುವವನೆಂದು ಅದರ ಅರ್ಥ. ಹಿಂದಿನವರು ಹುಡುಗನನ್ನು ಗುರುವಿನ ಮನೆಯಲ್ಲಿರಿಸಿದ್ದು ಪಾಠಕ್ಕಾಗಿ ಮಾತ್ರವಲ್ಲ. ಆ ಮನೆಯ ನೀರು, ಸೌದೆ, ದನಗಳ ಸೇವೆಯಲ್ಲಿ ಅವನೂ ಒಬ್ಬನಾಗಬೇಕಾಗಿತ್ತು. ನೆಂಟರ ಮನೆಗೆ ಮಕ್ಕಳನ್ನು ಕಳಿಸುವ ತಂದೆತಾಯಿಗಳು ಅವರನ್ನು ಅತಿಥಿಗಳಾಗಿ ಕಳಿಸದೆ ಅಂತೇವಾಸಿಗಳಾಗಿ ಕಳಿಸಬೇಕೆಂದು ನನ್ನ ಸೂಚನೆ. “ಇವನಿಗೆ ದಿನಾಲು ಒಂದು ಕೆಲಸವನ್ನು ಹಚ್ಚಿರಿ, ಕೆಡಿಸಿದರೆ ಹೇಳಿರಿ” ಎಂದು ಮೊದಲೇ ತಿಳಿಸಬೇಕು. ಮಗುವಿನ ಊಟದ ಭಾರವು ಬಡ ನೆಂಟರ ಮೇಲೆ ಬೀಳದಂತೆ ಜೋಳವನ್ನೋ ಹಣವನ್ನೋ ಮನ ನೋಯದ ರೀತಿಯಲ್ಲಿ ಮುಟ್ಟಿಸಬೇಕು. ಹೊತ್ತುಹೊತ್ತಿಗೆ ಮೊಬೈಲಿನಲ್ಲಿ ಕೂಗಿ, ಉಂಡೆಯಾ ಮಲಗಿದೆಯಾ ಎಂದು ಕೇಳಬಾರದು. ವಾರಕ್ಕೊಂದು ಸಲ ಸಾಕು. ಹೆಣ್ಣುಮಕ್ಕಳಿಗೂ ಇದೇ ಮಾತು. ನಂಬಿಗೆಯ ಹಿರಿಯ ಹೆಣ್ಣುಮಗಳಿರುವ ಮನೆಯನ್ನು ನೋಡಿ ಅವರನ್ನೂ ಕಳಿಸಬೇಕು. ಅಲ್ಲಿ ಹುಡುಗಿಗೆ ಒಲೆಯ ಮುಂದಿನ ಕೆಲಸ, ಹುಡುಗನಿಗೆ ಊರ ತಿರುಗಾಟ ಎಂದು ಹಂಚುವದು ಮಾತ್ರ ಸಲ್ಲದು.

ಸಿರಿವಂತರ ಮನೆಯೇ ಆಗಬೇಕೆಂದಿಲ್ಲ. ಕೆಲಸವು ಕಣ್ಣಿಗೆ ಕಾಣುವ ಮನೆಯಾಗಬೇಕು. ಮುಧೋಳದ ಸುತ್ತಿನ ಕಬ್ಬಿನ ಹೊಲದಲ್ಲಿ ಒಂದು ತಿಂಗಳು ನೀರು ಹಾಯಿಸಿದವನು ಸಕ್ಕರೆಯ ಬೆಲೆಯನ್ನು ಬೇರೆ ರೀತಿಯಿಂದ ತಿಳಿಯುತ್ತಾನೆ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಅಡ್ಡವಾಗಿ ನಿಂತಿರುವ ಬ್ಯಾರೇಜನ್ನು 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ಹಣ ಕೂಡಿಸಿ, ತಾವೇ ಮೈಮುರಿದು ದುಡಿದು ಕಟ್ಟಿದರು. ಶ್ರಮಬಿಂದು ಸಾಗರವೆಂದು ಅದಕ್ಕೆ ಹೆಸರು. ಆ ಕೆಲಸದಲ್ಲಿ ಕೈಯಿಟ್ಟ ಹಿರಿಯರು ನೆಂಟರಲ್ಲಿದ್ದರೆ, ಯಂತ್ರಶಾಸ್ತ್ರವನ್ನು ಓದಹೊರಟ ಹುಡುಗನು ಅವರ ಬಳಿಯಲ್ಲಿ ಎಂಟು ದಿನ ಕೂಡ್ರಲಿ. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಬೀಳಗಿ ತಾಲೂಕಿನ ಎಷ್ಟೋ ಹಳ್ಳಿಗಳು ಮುಳುಗಿದವು, ನಮ್ಮೂರೂ ಅವುಗಳಲ್ಲೊಂದು. ಪುನರ್ವಸತಿಯ ಊರುಗಳಲ್ಲಿರುವ ಅಜ್ಜಿಯರು, ಕಟ್ಟಿದ ಮನೆಯ ಬಾಗಿಲು-ತೊಲೆಗಳನ್ನು ಬಿಚ್ಚಿ ಬಂಡಿಗೆ ಹೇರಿದ ದಿನವನ್ನು ಇನ್ನೂ ಮರೆತಿಲ್ಲ. ಅವರ ಮಾತನ್ನು ಕೇಳುವ ಮೊಮ್ಮಕ್ಕಳು ಬೇಕು.

ಮಕ್ಕಳು ಮರಳಿ ಬಂದ ಮೇಲೆ ಏನೇನು ನೋಡಿದೆಯೆಂದು ಕೇಳುವದು ರೂಢಿ. ನಾನಾದರೆ, ಏನು ಮಾಡಿದೆ, ಏನು ಕೆಡಿಸಿದೆ, ಕೆಡಿಸಿದ್ದನ್ನು ಯಾರಿಗೆ ಹೇಳಿದೆ ಎಂದು ಕೇಳುವೆನು.

ಮಾವನವರು ತೀರಿಕೊಂಡು ಹನ್ನೊಂದು ವರ್ಷಗಳಾದವು. ಇಂದು ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಕೇಳಿಬರುವದು ಹೆಚ್ಚಾಗಿ ವಿದ್ಯುತ್ ಮಗ್ಗಗಳ ಸಪ್ಪಳ. ಅವರ ನಡುಮನೆಯ ಕುಣಿಯನ್ನೂ ಮುಚ್ಚಿ, ಅಲ್ಲಿ ಅಂಥವೇ ಎರಡು ಮಗ್ಗಗಳನ್ನು ಹಾಕಿದ್ದಾರೆ. ಮೂವತ್ತಕ್ಕೂ ಹೆಚ್ಚು ವರ್ಷ ಶಾಲೆಯಲ್ಲಿ ಪಾಠ ಹೇಳಿದ ನಾನು, ಪ್ರತಿ ವರ್ಷದ ಮೊದಲ ದಿನ ಹೊಸ ತರಗತಿಯ ಮುಂದೆ ನಿಂತು, ಬನಹಟ್ಟಿಯಲ್ಲಿ ಸೀರೆ ನೇಯುತ್ತಿದ್ದ ನನ್ನ ಸೋದರಮಾವನವರ ಮಜೂರಿಯಿಂದ ನಾನು ಕಾಲೇಜು ಸೇರಿದೆನೆಂದು ಹೇಳಿಯೇ ಪಾಠವನ್ನು ಆರಂಭಿಸುತ್ತಿದ್ದೆನು. ನಮ್ಮ ಓಣಿಯ ಗೃಹಸ್ಥರಿಗೆ ನನ್ನ ಉತ್ತರವೂ ಅದೇ. ಕಂಪ್ಯೂಟರ್ ತರಗತಿಯು ಎಲ್ಲಿಗೂ ಓಡಿಹೋಗುವದಿಲ್ಲ. ಹುಡುಗನನ್ನು ರಬಕವಿಗೆ ಕಳಿಸಿರಿ. ಸಂತೆಗೆ ಹೋಗುವಾಗ ಮಾವನ ಹೆಗಲ ಗಂಟನ್ನು ಅವನೇ ಹೊರಲೆಂದು ಹೇಳಿ ಕಳಿಸಿರಿ.